ಧ್ಯಾನದ ಇನ್‌ಸ್ಪೆಕ್ಷನ್

ಎರಡನೇ ಸಲವೂ ಸುಂದರಮ್ಮನನ್ನು ಅರ್ಧಕ್ಕೇ ಯಂತ್ರದಿಂದ ಹೊರಗೆ ಎಳೆಯಬೇಕಾಯಿತು. ಸ್ಕ್ಯಾನಿಂಗ್ ಸೆಂಟರಿನ ಆ ಬಿಳಿಯ ಕೊಳವೆಯೊಳಗೆ ಹಲಗೆ ಸರಿದು ಹಣೆ ಮರೆಯಾಗುತ್ತಿದ್ದಂತೆ ಆಕೆ ಕೈಯಲ್ಲಿದ್ದ ರಬ್ಬರ್ ಉಂಡೆಯನ್ನು ಹಿಚುಕಿದ್ದರು. ತೊಂದರೆಯಾದರೆ ಒಮ್ಮೆ ಒತ್ತಿ, ಹೊರಗೆ ಗಂಟೆಯಾಗುತ್ತದೆ ಎಂದು ಹೇಳಿ ಕೊಟ್ಟಿದ್ದ ಉಂಡೆ ಅದು. ಸುಂದರಮ್ಮ ಹೊರಗೆ ಬಂದು ಎದ್ದು ಕೂತ ಮೇಲೂ ಅದನ್ನು ಒತ್ತುತ್ತಲೇ ಇದ್ದರು.

"ಒಳಗೆ ಗಾಳಿ ಇಲ್ಲ ರೀ," ಎಂದರು ಗಂಡನಿಗೆ.

ಗಾಳಿ ಇತ್ತು. ಒಳಗೊಂದು ಪುಟ್ಟ ಫ್ಯಾನೂ ಇತ್ತು. ಬದರೀನಾರಾಯಣರು ಅದನ್ನು ಹೇಳಲು ಹೋಗಲಿಲ್ಲ. ಮೊದಲ ಸಲ ಹೇಳಿ ನೋಡಿದ್ದರು.

ಬೆನ್ನುಮೂಳೆಯ ಕೆಳಭಾಗದಲ್ಲಿ ಏನೋ ನರವನ್ನು ಒತ್ತುತ್ತಿದೆ ಎಂಬುದು ವೈದ್ಯರ ಅನುಮಾನ. ಎಡಗಾಲಿನ ಚಪ್ಪಲಿ ಜಾರಿಹೋದರೂ ಸುಂದರಮ್ಮನಿಗೆ ತಿಳಿಯುತ್ತಿರಲಿಲ್ಲ. ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ ಯಾರಾದರೂ ಹಿಂದಿನಿಂದ "ಅಮ್ಮಾ, ಚಪ್ಪಲಿ" ಎಂದು ಕೂಗಬೇಕಾಗಿತ್ತು. ಒತ್ತುತ್ತಿರುವುದು ಏನೆಂದು ಕಾಣದೆ ಆಪರೇಷನ್ ಮಾಡುವಂತಿಲ್ಲ, ಕಾಲಿನ ಬಲ ಪೂರ್ತಿ ಹೋದಮೇಲೆ ಮಾಡಿ ಪ್ರಯೋಜನವಿಲ್ಲ. ಮಂಪರು ಕೊಟ್ಟು ಮಲಗಿಸೋಣವೆಂದರೆ ಆಕೆಗೆ ಹಳೆಯ ಉಬ್ಬಸ. ಅರಿವಳಿಕೆ ಡಾಕ್ಟರು ಒಪ್ಪಲಿಲ್ಲ.

"ಒಂದು ತಿಂಗಳು ಟೈಮ್ ತಗೊಳ್ಳಿ," ಎಂದರು ವೈದ್ಯರು. "ಧ್ಯಾನ ಗೀನ ಏನಾದ್ರೂ ಕಲೀರಿ ಅಮ್ಮ. ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಿದ್ರೆ ಸಾಕು, ನನಗೆ ಬೇರೇನೂ ಬೇಡ. ಅದಕ್ಕಿಂತ ಲೇಟ್ ಮಾಡ್ಬೇಡಿ."

"ಯಾವ ಧ್ಯಾನ?" ಎಂದು ಬದರೀನಾರಾಯಣರು ಕೇಳಿದರು.

"ಯಾವುದಾದ್ರೂ ಸರ್. ಎಲ್ಲಾ ಒಂದೇ."

ಆ ಮಾತು ಅವರಿಗೆ ಹಿಡಿಸಲಿಲ್ಲ. ಕಲಿಸುವುದರಲ್ಲಿ ಎಲ್ಲವೂ ಒಂದೇ ಎಂದು ಅವರು ಜೀವಮಾನದಲ್ಲಿ ಒಪ್ಪಿದವರಲ್ಲ. ನಿವೃತ್ತಿಯಾಗುವವರೆಗೂ ಅವರು ಗಣಿತದ ವಿಷಯ ಪರಿವೀಕ್ಷಕರಾಗಿದ್ದರು. ಊರವರ ಬಾಯಲ್ಲಿ ಸ್ಕೂಲ್ ಇನ್‌ಸ್ಪೆಕ್ಟ್ರು. ಬೆಳಗಿನ ಬಸ್ಸು ಹಿಡಿದು ಮಾಗಡಿ, ಕನಕಪುರ, ಆನೇಕಲ್ಲಿನ ಶಾಲೆಗಳಿಗೆ ಹೋಗಿ, ಮೊಣಕಾಲು ಹಿಡಿಸದ ಕೊನೆಯ ಬೆಂಚಿನಲ್ಲಿ ಕೂತು ಪಾಠ ನೋಡುವುದು ಅವರ ಕೆಲಸ. ಮೇಷ್ಟರ ಅಕ್ಷರ, ಮೇಷ್ಟರ ದನಿ, ಬೋರ್ಡಿನ ಅಂದ ಇವೆಲ್ಲ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹುಡುಗನೊಬ್ಬ ತಪ್ಪು ಉತ್ತರ ಹೇಳಿದಾಗ ಮೇಷ್ಟರು ಏನು ಮಾಡುತ್ತಾರೆ ಎಂಬುದಕ್ಕೆ ಕಾದು ಕೂರುತ್ತಿದ್ದರು. ಅಲ್ಲಿ ಎಲ್ಲವೂ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಿವೃತ್ತಿಯ ನಂತರವೂ ಆ ನೋಟ ಅವರನ್ನು ಬಿಟ್ಟುಹೋಗಲಿಲ್ಲ. ಶ್ರಾದ್ಧಕ್ಕೆ ಬಂದ ಪುರೋಹಿತರು ಮಂತ್ರ ನುಂಗಿದ್ದನ್ನೂ, ನಲ್ಲಿ ರಿಪೇರಿಯವನು ಸ್ಪ್ಯಾನರ್ ಹಿಡಿದ ರೀತಿಯನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಿದ್ದರು.

ಶಂಕರಪುರದ ಮನೆಗೆ ಬಂದು ಹೆಂಡತಿಯನ್ನು ದಿವಾನಿನ ಮೇಲೆ ಒರಗಿಸಿ, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು, ತಮ್ಮ ತೀರ್ಮಾನ ಹೇಳಿದರು.

"ನೋವಿಟ್ಕೊಂಡು ನೀನು ಎಲ್ಲಾ ಕಡೆ ಅಲೆಯೋದು ಬೇಡ. ನಾನು ಹೋಗಿ ನೋಡ್ಕೊಂಡು ಬರ್ತೀನಿ. ಯಾರು ಸರಿಯಾಗಿ ಕಲಿಸ್ತಾರೋ ಅವರ ಹತ್ರಾನೇ ಕಲಿ."

ಬ್ಯಾಂಕಿನಿಂದ ಆಗಷ್ಟೇ ಬಂದಿದ್ದ ಮಗಳು ಮಧುರಾ ಚೀಲ ಇಳಿಸುತ್ತ ನಕ್ಕಳು. "ಅಪ್ಪ, ಧ್ಯಾನಕ್ಕೂ ಇನ್‌ಸ್ಪೆಕ್ಷನ್ನಾ?"

"ನಿಮ್ಮಮ್ಮನ ತಲೆ ಯಾರ ಕೈಗೆ ಕೊಡ್ತಿದೀವಿ ಅಂತ ನೋಡ್ಬೇಡ್ವೇನೇ?"

"ತೊಂದ್ರೆ ಇರೋದು ಬೆನ್ನಲ್ಲಿ ಅಪ್ಪ."

"ಹೋಗ್ಲಿ ಬಿಡೇ," ಎಂದರು ಸುಂದರಮ್ಮ ಕಣ್ಣು ತೆರೆಯದೆ. "ಅವರಿಗೂ ಏನಾದ್ರೂ ಮಾಡ್ತಿದೀನಿ ಅನ್ನಿಸ್ಬೇಕಲ್ಲ."

ಮೊದಲು ಹೋದದ್ದು ಚಾಮರಾಜಪೇಟೆಗೆ, ನಡೆದೇ ಹೋಗಬಹುದೆಂದು. ಅಲ್ಲಿ ರಾಮಸ್ವಾಮಿ ಎಂಬ ಹಿರಿಯರು ತಮ್ಮ ಮನೆಯಲ್ಲೇ ಮಂತ್ರಧ್ಯಾನ ಹೇಳಿಕೊಡುತ್ತಿದ್ದರು. ತಾತನಿಂದ ತಂದೆಗೆ, ತಂದೆಯಿಂದ ತಮಗೆ ಬಂದ ವಿದ್ಯೆ ಎಂದು ಬಾಗಿಲಲ್ಲೇ ಹೇಳಿದರು. ಕೆಂಪು ನೆಲದ ನಡುಮನೆ, ಚಾಪೆಗಳ ಮೇಲೆ ಹತ್ತಾರು ಮಂದಿ. ಬದರೀನಾರಾಯಣರು ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂತರು. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ತಾವು ನೋಡತೊಡಗಿದರು. ಕಣ್ಣು ಮುಚ್ಚಿದ ತರಗತಿಯೊಂದನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಮುಖಗಳು ಒಂದೊಂದಾಗಿ ಸಡಿಲವಾದವು. ಒಬ್ಬರ ಬಾಯಿ ಮೆಲ್ಲಗೆ ತೆರೆದುಕೊಂಡಿತು. ಮುಂದಿದ್ದ ಹೆಂಗಸಿನ ಹುಬ್ಬು ಮಾತ್ರ ಕೊನೆಯವರೆಗೂ ಗಂಟಾಗಿಯೇ ಇತ್ತು, ಮನೆಯ ಕೆಲಸವೆಲ್ಲ ಅಲ್ಲೇ ಬಂದು ಕೂತಿದೆಯೋ ಎಂಬಂತೆ.

"ಕೆಲವರು ಉಸಿರು ನೋಡು ಅಂತಾರೆ," ಎಂದರು ರಾಮಸ್ವಾಮಿಗಳು ಪಾಠ ಮುಗಿದ ಮೇಲೆ. "ಉಸಿರು ನೋಡೋಕೆ ಗುರು ಯಾಕೆ ಬೇಕು ಹೇಳಿ? ದನ ಕರುಗಳೂ ಉಸಿರಾಡ್ತಾವೆ. ಮನಸ್ಸಿಗೆ ಮೇವು ಹಾಕ್ಬೇಕು. ಮಂತ್ರವೇ ಮೇವು."

"ಅಷ್ಟಾದ್ರೂ ಮನಸ್ಸು ನಿಲ್ಲದೇ ಹೋದ್ರೆ?"

"ಮಂತ್ರ ನಿಲ್ಲಿಸುತ್ತೆ."

"ಮಂತ್ರಾನೂ ನಿಲ್ಲಿಸದೇ ಇದ್ರೆ?"

ರಾಮಸ್ವಾಮಿಗಳು ಮುಗುಳ್ನಕ್ಕರು. "ಅದು ಅವರವರು ಪಡಕೊಂಡು ಬಂದಿದ್ದು."

ಕಲಿಯದವನ ಮೇಲೇ ತಪ್ಪು ಹೊರಿಸುವ ಮೇಷ್ಟರನ್ನು ಬದರೀನಾರಾಯಣರು ಬೇಕಾದಷ್ಟು ಕಂಡಿದ್ದರು. ಆದರೂ ಆ ಮನುಷ್ಯನ ದನಿಯಲ್ಲಿ ಏನೋ ತಂಪಿತ್ತು, ಇಷ್ಟು ಜನ ಸುಮ್ಮನೆ ಬರುತ್ತಾರೆಯೇ ಎಂದೂ ಅನ್ನಿಸಿತು. ಮಂತ್ರವನ್ನು ತಾವು ಪಡೆದು ಮನೆಯಲ್ಲಿ ಹೆಂಡತಿಗೆ ಹೇಳಿಕೊಟ್ಟರಾಯಿತು, ಆಕೆ ಇಲ್ಲಿಯವರೆಗೆ ಬಂದು ನೆಲದ ಮೇಲೆ ಕೂರುವುದು ತಪ್ಪುತ್ತದೆ ಎಂದು ಲೆಕ್ಕ ಹಾಕಿದರು. ರಾಮಸ್ವಾಮಿಗಳು ಹೇಳಿದ ಒಳ್ಳೆಯ ದಿನಕ್ಕೆ ಕಾದು, ಸ್ನಾನ ಮಾಡಿ, ಹಣ್ಣು ತಾಂಬೂಲ ಹಿಡಿದು ಹೋಗಿ, ಕಿವಿಯಲ್ಲಿ ಮಂತ್ರ ಹೇಳಿಸಿಕೊಂಡು ಬಂದರು.

ಸುಂದರಮ್ಮ ದಿವಾನಿನ ಮೇಲೆ ತಯಾರಾಗಿ ಮಲಗಿದ್ದರು. "ಹೂಂ, ಹೇಳಿ. ಏನು ಮಂತ್ರ?"

ಬದರೀನಾರಾಯಣರು ಬಾಯಿ ತೆರೆದು ಹಾಗೇ ನಿಂತರು. ಯಾರಿಗೂ ಹೇಳಕೂಡದು ಎಂದು ರಾಮಸ್ವಾಮಿಗಳು ಪ್ರಮಾಣ ಮಾಡಿಸಿಕೊಂಡಿದ್ದರು. ಆ ಗಳಿಗೆಯವರೆಗೂ ಅದು ಅವರಿಗೆ ಹೊಳೆದಿರಲಿಲ್ಲ.

"ಹೇಳೋ ಹಾಗಿಲ್ಲ," ಎಂದರು.

"ಹೆಂಡತಿಗೂ?"

"ಯಾರಿಗೂ ಅಂದಿದಾರೆ."

ಸುಂದರಮ್ಮ ನಗತೊಡಗಿದರು. ನಕ್ಕಾಗ ಬೆನ್ನು ನೋಯುತ್ತಿತ್ತು, ನೋವಿಗೆ ಮುಖ ಕಿವುಚುತ್ತ ಮತ್ತೆ ನಗುತ್ತಿದ್ದರು. "ಅಯ್ಯೋ, ನಗಿಸ್ಬೇಡಿ ರೀ… ಔಷಧಿ ತರ್ತೀನಿ ಅಂತ ಹೋಗಿ ತಾವೇ ಕುಡ್ಕೊಂಡು ಬಂದ್ರಲ್ಲ!"

ಅವರೂ ನಕ್ಕರು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು. ಆದರೆ ಒಂದು ವಾರ ಹೋಗಿಬಿಟ್ಟಿತ್ತು.

ಆಮೇಲೆ ಬಸವನಗುಡಿ. ಡಾಕ್ಟರ್ ಯಶಶ್ರೀ ಮನಶ್ಶಾಸ್ತ್ರ ಓದಿದ್ದ, ನಲವತ್ತರ ಆಸುಪಾಸಿನ ಹೆಂಗಸು. ಗೋಡೆಯ ಮೇಲೆ ಚಿತ್ರಗಳನ್ನು ಬೆಳಗಿಸಿ ಮೆದುಳು ಹೇಗೆ ಹೆದರುತ್ತದೆ ಎಂದು ವಿವರಿಸಿದರು. ಕಾಲಿನ ಬೆರಳಿನಿಂದ ಶುರುಮಾಡಿ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತ ಹೋಗುವುದು ಅವರ ವಿಧಾನ. ಪಾಠ ಅಚ್ಚುಕಟ್ಟು. ಯಾರೇನು ಕೇಳಿದರೂ ಸಿಡುಕದೆ ಉತ್ತರ.

"ಮಂತ್ರ ಸುಳ್ಳು ಅಂತಲ್ಲ ಸರ್," ಎಂದರು. "ಬಸ್ಸಲ್ಲಿ ನಿಂತಿರೋವಾಗ ಹಿಡ್ಕೊಳ್ಳೋಕೆ ಕಂಬಿ ಇರುತ್ತಲ್ಲ, ಹಾಗೆ. ನಾವು ಕಂಬಿ ಬಿಟ್ಟು ನಿಲ್ಲೋದನ್ನ ಹೇಳ್ಕೊಡ್ತೀವಿ. ಎರಡು ತಿಂಗಳಾದ್ರೂ ಬೇಕು."

ಎರಡು ತಿಂಗಳು ಅವರ ಬಳಿ ಇರಲಿಲ್ಲ. ಇನ್ನೂ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ತರಗತಿಯ ನಡುವೆ ಹೆಂಗಸೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು. ಯಶಶ್ರೀ ಅದನ್ನು ನೋಡಿದರು, ನೋಡಿ, ಮೊಣಕಾಲಿನಿಂದ ತೊಡೆಗೆ ಮುಂದುವರಿದರು.

ಮನೆಗೆ ಬಂದು ಆ ಪಾಠವನ್ನು ಬದರೀನಾರಾಯಣರು ತಾವೇ ಮಾಡಿದರು. ದಿವಾನಿನ ಎದುರು ಕುರ್ಚಿ ಹಾಕಿಕೊಂಡು ಕೂತು, ಸಂಜೆಯ ಬೆಳಕಿನಲ್ಲಿ, ಶಾಲೆಯಲ್ಲಿ ಉಕ್ತಲೇಖನ ಹೇಳುವ ದನಿಯಲ್ಲಿ ಹೇಳತೊಡಗಿದರು.

"ಬಲಗಾಲಿನ ಹೆಬ್ಬೆರಳು. ಅಲ್ಲಿ ಏನನ್ನಿಸ್ತಿದೆ ಅನ್ನೋದನ್ನ ಗಮನಿಸು. ಆಯ್ತಾ?"

"ಆಯ್ತು."

"ಈಗ ಎಡಗಾಲಿನ ಹೆಬ್ಬೆರಳು."

ಸುಂದರಮ್ಮನ ಹುಬ್ಬು ಗಂಟಾಯಿತು.

"ಆಯ್ತಾ?"

"ಅದು ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ," ಎಂದರು ಆಕೆ. "ಇಲ್ಲದೇ ಇರೋದನ್ನ ಹೇಗ್ರೀ ಗಮನಿಸಲಿ?"

ಬದರೀನಾರಾಯಣರು ಕುರ್ಚಿಯಿಂದ ಎದ್ದು, ಆ ಹೆಬ್ಬೆರಳನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಬೆರಳು ಬೆಚ್ಚಗೇ ಇತ್ತು. ಹಿಡಿದಿದ್ದಾರೆಂದು ಆಕೆಗೆ ತಿಳಿಯಲಿಲ್ಲ.

ಓಕಳಿಪುರದಲ್ಲಿ ಬೈರಯ್ಯ ಎಂಬವರು ದೀಪ ನೋಡುವ ಧ್ಯಾನ ಹೇಳಿಕೊಡುತ್ತಾರೆಂದು ಯಾರೋ ಹೇಳಿದರು. ಮೆಜೆಸ್ಟಿಕ್ಕಿನಲ್ಲಿ ಇಳಿದು ಬಿಸಿಲಲ್ಲಿ ನಡೆದು ಹೋದರು. ರೈಲು ಹಳಿಯ ಪಕ್ಕದ ಒಂದು ಶೀಟಿನ ಹಾಲ್. ರೈಲು ಹೋದಾಗಲೆಲ್ಲ ಎಣ್ಣೆದೀಪದ ಕುಡಿ ನಡುಗುತ್ತಿತ್ತು. ರೆಪ್ಪೆ ಬಡಿಯದೆ ನೋಡಬೇಕಿತ್ತು. ಬದರೀನಾರಾಯಣರು ದೀಪವನ್ನು ಬಿಟ್ಟು ಉಳಿದವರನ್ನು ನೋಡುತ್ತ ಕೂತರು. ಆಮೇಲೆ ಎಚ್ಚರವಾದಾಗ ಹಾಲ್ ಖಾಲಿಯಾಗಿತ್ತು. ಬೈರಯ್ಯ ಒಬ್ಬರೇ ಚಾಪೆ ಸುತ್ತುತ್ತಿದ್ದರು.

"ಎಬ್ಬಿಸ್ಬಾರ್ದಿತ್ತಾ?" ಎಂದು ನಾಚಿಕೆಯಿಂದ ಕೇಳಿದರು.

"ಸುಸ್ತಾಗಿತ್ತು ಅನ್ಸುತ್ತೆ ಸಾಮಿ. ಅದಕ್ಕೇ ಬಿಟ್ಟೆ," ಎಂದರು ಬೈರಯ್ಯ.

ಸುಸ್ತಾಗಿತ್ತು. ಬೆಳಿಗ್ಗೆ ಹೆಂಡತಿಯನ್ನು ಬಚ್ಚಲಿಗೆ ಕರೆದೊಯ್ಯುವುದು, ಅಡುಗೆಗೆ ಬರುವ ಭಾಗ್ಯಳಿಗೆ ತರಕಾರಿ ತಂದುಕೊಡುವುದು, ಮತ್ತೆ ಬಸ್ಸು, ಮೆಟ್ಟಿಲು, ಯಾರದೋ ಜಗಲಿಯಲ್ಲಿ ಕಾಯುವುದು. ನಿದ್ದೆ ಹೋದ ವಿಷಯವನ್ನು ಮನೆಯಲ್ಲಿ ಹೇಳಲಿಲ್ಲ. "ಅದು ನಿನಗಾಗಲ್ಲ. ಕೊಳವೆ ಒಳಗೆ ದೀಪ ಎಲ್ಲಿ ಹಚ್ಚೋದು?" ಎಂದಷ್ಟೇ ಹೇಳಿದರು.

ಮಲ್ಲೇಶ್ವರದ ತರಗತಿಯನ್ನು ಕೊನೆಗೆ ಇಟ್ಟುಕೊಂಡಿದ್ದರು, ಅದರ ಮೇಲೆ ಅವರಿಗೆ ನಂಬಿಕೆ ಕಡಿಮೆ. ಅಂಗಡಿ ಕಟ್ಟಡವೊಂದರ ಮೂರನೇ ಮಹಡಿ. ಕಲಿಸುವವನು ವಂಶಿ, ಮೂವತ್ತೂ ಆಗಿರದ ಹುಡುಗ. ಕಿವಿಗೆ ಸಿಕ್ಕಿಸಿದ ಮೈಕು, ಬಿಳಿಯ ಜುಬ್ಬ. ತಡವಾಗಿ ಬಂದ, ಬಂದವನು ಗೋಡೆ ಹಿಡಿದು ನಿಂತು ಏದುಸಿರು ಬಿಟ್ಟ. ನೀರು ಕುಡಿದು ಆಮೇಲೆ "ನಿಧಾನವಾಗಿ ಉಸಿರು ಒಳಗೆ" ಎಂದು ಶುರುಮಾಡಿದ.

"ಅಂಕಲ್, ಕಣ್ಣು ಮುಚ್ಕೊಳ್ಳಿ," ಎಂದ ಮೈಕಿನಲ್ಲೇ. ಎಲ್ಲರೂ ಕಣ್ಣು ಬಿಟ್ಟು ತಿರುಗಿ ನೋಡಿದರು.

"ನಾನು ನೋಡೋಕೆ ಬಂದಿರೋದು," ಎಂದರು ಬದರೀನಾರಾಯಣರು.

"ಒಳಗೇ ನೋಡಿ ಅಂಕಲ್," ಎಂದ. ಯಾರೋ ಕಿಸಕ್ಕೆಂದರು.

ಪಾಠ ಮುಗಿದ ಮೇಲೆ ಎಷ್ಟು ದಿನದ ತರಬೇತಿ ಎಂದು ಕೇಳಿದರು. ಎರಡು ವಾರ ಎಂದ ವಂಶಿ, ಮುಚ್ಚುಮರೆಯಿಲ್ಲದೆ. ಅದಕ್ಕೆ ಮುಂಚೆ? ಅದಕ್ಕೆ ಮುಂಚೆ ಮೊಬೈಲ್ ಮಾರುತ್ತಿದ್ದೆ ಎಂದ. ಬದರೀನಾರಾಯಣರು ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರು.

ಆ ಹೊತ್ತಿಗೆ ಮೂರು ವಾರವಾಗಿತ್ತು. ಎರಡು ದಿನದ ಹಿಂದೆ ಬಚ್ಚಲಲ್ಲಿ ಸುಂದರಮ್ಮನ ಎಡಗಾಲು ಮಡಚಿಕೊಂಡಿತ್ತು, ನಲ್ಲಿ ಹಿಡಿದಿದ್ದರಿಂದ ಆಕೆ ಬೀಳದೆ ಉಳಿದಿದ್ದರು. ಬದರೀನಾರಾಯಣರು ತಾವು ನೋಡಿದ್ದೆಲ್ಲವನ್ನೂ ದಿನವೂ ಸಂಜೆ ಪಾಠ ಮಾಡುತ್ತಿದ್ದರು. ಪಾಠದ ನಡುವೆ ಆಕೆಯ ಉಸಿರು ಬಿಗಿಯುತ್ತಿತ್ತು, ಬೆರಳುಗಳು ಸೀರೆಯ ಅಂಚನ್ನು ಹಿಡಿಯುತ್ತಿದ್ದವು. "ಅಲ್ಲಾಡಿದೆ ನೋಡು. ಮತ್ತೆ ಮೊದಲಿಂದ," ಎನ್ನುತ್ತಿದ್ದರು ಇವರು.

ಅಂದು ಸಂಜೆ ಆಕೆ ಕಣ್ಣು ತೆರೆದುಬಿಟ್ಟರು.

"ರೀ, ಸಾಕು."

"ಯಾಕೆ?"

"ನೀವು ಹಾಗೆ ಎದುರಿಗೆ ಕೂತ್ಕೊಂಡು ಮುಖ ನೋಡ್ತಿದ್ರೆ ನಾನು ಹೇಗ್ರೀ ಕಣ್ಮುಚ್ಚಲಿ? ನೀವೇ ಹೇಳ್ತಿದ್ರಲ್ಲ, ನೀವು ಕ್ಲಾಸ್ ಬಾಗ್ಲಲ್ಲಿ ಕಾಣಿಸ್ಕೊಂಡ್ರೆ ಮಕ್ಕಳಿಗೆ ಬಾಯಲ್ಲಿದ್ದ ಮಗ್ಗಿ ಮರೆತು ಹೋಗ್ತಿತ್ತು ಅಂತ. ನಗ್ತಾ ಹೇಳ್ತಿದ್ರಿ."

"ನಾನು ನಿನ್ನ ಒಳ್ಳೇದಕ್ಕೇ ಅಲ್ವೇನೇ…"

"ಗೊತ್ತು. ನೀವು ಸುತ್ತಿ ಸುತ್ತಿ ಬಡವಾಗಿದೀರ, ಅದೂ ಕಾಣುತ್ತೆ. ಆದ್ರೆ ಒಬ್ಬರ ಹತ್ರಾನೂ ನನ್ನ ಕರ್ಕೊಂಡು ಹೋಗ್ಲಿಲ್ಲ ನೀವು. ಎಲ್ಲರನ್ನೂ ಫೇಲ್ ಮಾಡಿ ಬಂದ್ರಿ."

ಅಡುಗೆಮನೆಯಲ್ಲಿ ಮಧುರಾ ಪಾತ್ರೆಯ ಸದ್ದು ನಿಲ್ಲಿಸಿದಳು. ಬದರೀನಾರಾಯಣರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು, ಅದರಿಂದೇನಾದರೂ ಆದೀತೆಂಬಂತೆ.

"ಯಾರ ಹತ್ರ ಅಂತ ಕರ್ಕೊಂಡು ಹೋಗ್ಲಿ?" ಎಂದರು ಕೊನೆಗೆ. ದನಿ ಸೋತಿತ್ತು. "ಒಬ್ರು ಕಲಿಯದೇ ಇದ್ರೆ ನಿನ್ನ ಕರ್ಮ ಅಂತಾರೆ. ಒಬ್ರು ಅಳೋರನ್ನ ನೋಡ್ಕೊಂಡೇ ಮುಂದೆ ಹೋಗ್ತಾರೆ. ಇವತ್ತು ನೋಡಿದ ಆ ಹುಡುಗನಂತೂ… ಉಸಿರು ಕಲಿಸೋನಿಗೇ ಉಸಿರಿಲ್ಲ! ಮೂರು ಮಹಡಿ ಹತ್ಕೊಂಡು ಬಂದು ಗೋಡೆ ಹಿಡ್ಕೊಂಡು ನಿಂತ. ಲಿಫ್ಟ್ ಖಾಲಿ ನಿಂತಿತ್ತು, ನಾನು ಅದರಲ್ಲೇ ಹೋದೆ."

ಸುಂದರಮ್ಮ ತಲೆಯೆತ್ತಿದರು. "ಲಿಫ್ಟ್ ಇದ್ದೂ ಯಾಕೆ ಹತ್ತಿದ?"

"ನನಗೇನು ಗೊತ್ತು?"

"ದಿನಾ ಹಾಗೇನಾ?"

"ಅಲ್ಲಿದ್ದೋರೊಬ್ರು ಹೇಳ್ತಿದ್ರು, ಮೇಷ್ಟ್ರು ಯಾವಾಗ್ಲೂ ಮೆಟ್ಟಿಲಲ್ಲೇ ಬರೋದು ಅಂತ. ಯಾಕೆ?"

ಆಕೆ ದಿವಾನಿನ ಮೇಲೆ ಎದ್ದು ಕೂತರು. "ನಾಳೆ ನನ್ನ ಅವನ ಹತ್ರ ಕರ್ಕೊಂಡ್ಹೋಗಿ," ಎಂದರು.

ಮಲ್ಲೇಶ್ವರದವರೆಗೆ ಆಟೋದಲ್ಲಿ ಹೋಗುವುದೇ ಒಂದು ಶಿಕ್ಷೆ. ರಸ್ತೆಯ ಪ್ರತಿ ಉಬ್ಬಿಗೂ ಸುಂದರಮ್ಮ ಗಂಡನ ತೋಳು ಹಿಡಿಯುತ್ತಿದ್ದರು. ಕಟ್ಟಡದ ಕೆಳಗೆ ಇಳಿದು ಲಿಫ್ಟಿನ ಮುಂದೆ ಬಂದು ನಿಂತರು. ಬಾಗಿಲು ತೆರೆದು ಕಾಯುತ್ತಿತ್ತು. ಆಕೆ ಕಾಲಿಡಲಿಲ್ಲ. ಮೆಟ್ಟಿಲು ಹತ್ತುವಂತಿಲ್ಲ, ಲಿಫ್ಟಿಗೆ ಹೋಗುವಂತಿಲ್ಲ. ಅಷ್ಟರಲ್ಲಿ ವಂಶಿ ಬೈಕು ನಿಲ್ಲಿಸಿ ಬಂದ. ಬದರೀನಾರಾಯಣರನ್ನು ಗುರುತು ಹಿಡಿದು, "ಓ ಅಂಕಲ್, ಇವತ್ತೂ ನೋಡೋಕಾ?" ಎಂದ.

"ಇವರು ನಮ್ಮ ಮನೆಯವರು," ಎಂದು ಶುರುಮಾಡಿದರು ಇವರು. ಸುಂದರಮ್ಮ ನಡುವೆಯೇ ಕೇಳಿದರು:

"ಏನಪ್ಪಾ, ನಿನಗೂ ಅದರೊಳಗೆ ಹೋಗೋಕಾಗಲ್ವಾ?"

ವಂಶಿ ಸುತ್ತ ನೋಡಿದ, ಶಿಷ್ಯರು ಯಾರಾದರೂ ಇದ್ದಾರೆಯೇ ಎಂದು. ಆಮೇಲೆ ನಕ್ಕ. ಮೈಕಿಲ್ಲದ ಅವನ ನಗು ತೀರ ಸಣ್ಣದಾಗಿತ್ತು.

"ಹಿಂದೆ ಒಂದ್ಸಲ ಸಿಕ್ಕಾಕೊಂಡಿದ್ದೆ ಆಂಟಿ. ಕರೆಂಟ್ ಹೋಗಿತ್ತು. ಆಮೇಲೆ ಬಾತ್‌ರೂಮ್ ಬಾಗ್ಲೂ ಹಾಕ್ಕೊಳ್ಳೋಕೆ ಆಗ್ತಿರ್ಲಿಲ್ಲ. ಅದಕ್ಕೇ ಇದನ್ನೆಲ್ಲ ಕಲಿಯೋಕೆ ಹೋಗಿದ್ದು."

"ಈಗ ವಾಸೀನಾ?"

"ಬಾತ್‌ರೂಮ್ ಬಾಗ್ಲು ಹಾಕ್ಕೊಳ್ತೀನಿ."

"ಲಿಫ್ಟ್?"

"ಯಾರಾದ್ರೂ ಜೊತೆಗಿದ್ರೆ ಒಂದನೇ ಮಹಡಿವರೆಗೆ."

"ಮತ್ತೆ ಕಲಿಸ್ತೀಯಲ್ಲ!" ಎಂದುಬಿಟ್ಟರು ಬದರೀನಾರಾಯಣರು.

"ಒಂದನೇ ಮಹಡಿವರೆಗೆ ಕಲಿಸ್ತೀನಿ ಅಂಕಲ್," ಎಂದ ವಂಶಿ.

ಸುಂದರಮ್ಮ ಗಂಡನ ಕಡೆ ತಿರುಗಿದರು. "ನೀವು ಹೋಗಿ ಕಾಫಿ ಕುಡ್ಕೊಂಡು ಬನ್ನಿ."

"ನಾನು ಇಲ್ಲೇ ಕಂಬದ ಹತ್ರ…"

"ಬೇಡ. ಹೋಗಿ."

ಅವರು ಹೋದರು. ಬೀದಿಯ ಆಚೆ ಹೋಟೆಲಿನ ಕಟ್ಟೆಯ ಮೇಲೆ ಕಾಫಿ ಇಟ್ಟುಕೊಂಡು ನಿಂತು, ಅಭ್ಯಾಸಬಲದಿಂದ ತಿರುಗಿ ನೋಡಿದರು. ಬೈಕುಗಳ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿಗಳು ಕಂಡವು. ಕಾಫಿಯ ಲೋಟವನ್ನೆತ್ತಿಕೊಂಡು ಅಲ್ಲಿಂದ ಕಾಣದ ಜಾಗಕ್ಕೆ ಸರಿದರು.

ಹಾಗೆ ಆರೇಳು ಬೆಳಗು ನಡೆಯಿತು. ತರಗತಿಗೆ ಮೊದಲು ವಂಶಿ ಪಾರ್ಕಿಂಗಿನಲ್ಲಿ ಆಕೆಯ ಜೊತೆ ಕೂರುತ್ತಿದ್ದ. ವಾಪಸು ಬರುವಾಗ ಆಟೋದಲ್ಲಿ ಬದರೀನಾರಾಯಣರು ಕೇಳದೆ ಇರುತ್ತಿರಲಿಲ್ಲ.

"ಏನು ಹೇಳ್ಕೊಟ್ಟ?"

"ಉಸಿರು ನೋಡಿ ಅಂದ. ನೋಡ್ದೆ. ಭಯ ಆಗ್ತಿದೆ ಅಂದೆ. ನನಗೂ ಆಗುತ್ತೆ ಅಂದ."

"ಆಮೇಲೆ?"

"ಆಮೇಲೆ ಭಯಾನೇ ನೋಡ್ತಾ ಕೂತ್ವಿ, ಇಬ್ರೂ."

"ಇಷ್ಟೇನಾ ವಿದ್ಯೆ?"

"ಇಷ್ಟೇ ಇರ್ಬೇಕು. ಇವತ್ತು ಲಿಫ್ಟಲ್ಲಿ ಒಂದನೇ ಮಹಡಿಗೆ ಹೋದ್ವಿ. ಅವನ ಕೈಯೇ ಜಾಸ್ತಿ ನಡುಗ್ತಿತ್ತು ಪಾಪ."

ಇದು ಸಾಕಾಗದು ಎಂದು ಬದರೀನಾರಾಯಣರಿಗೆ ಗೊತ್ತಿತ್ತು. ಯಶಶ್ರೀ ಹತ್ತಿರ ಮೊದಲ ವಾರವೇ ಸೇರಿಸಬೇಕಿತ್ತು, ಅವರೇ ಎಲ್ಲರಿಗಿಂತ ತಿಳಿದವರು ಎಂಬ ಯೋಚನೆ ಒಳಗೆ ಕೊರೆಯುತ್ತಿತ್ತು. ತಾವು ಹಾಕಿದ ಅಂಕಗಳನ್ನು ಮನಸ್ಸಿನಲ್ಲೇ ಕೂಡಿ ಕಳೆದು, ಆಯಾಸವಾಗಿ, ಆಟೋದ ಕಂಬಿಗೆ ತಲೆಯೊರಗಿಸುತ್ತಿದ್ದರು.

ಸ್ಕ್ಯಾನಿನ ದಿನ ಸೆಂಟರಿನ ಹುಡುಗಿ ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದಳು. ಬಳೆ, ಓಲೆ, ಕರಿಮಣಿ ಸರ. ಮಾಂಗಲ್ಯ ಬಿಚ್ಚುವ ಮೊದಲು ಸುಂದರಮ್ಮ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡರು. ಬರಿಗೊರಳಲ್ಲಿ ಇರಬಾರದೆಂದು ಮಧುರಾಳ ಕೈಲಿ ಬೆಳಿಗ್ಗೆಯೇ ಮಾಡಿಸಿಟ್ಟಿದ್ದರು. ಮೂಗುಬೊಟ್ಟಿನ ತಿರುಪು ಎಷ್ಟು ಮಾಡಿದರೂ ಬರಲಿಲ್ಲ, ಸೋಪು ಹಚ್ಚಿ ತೆಗೆಯಬೇಕಾಯಿತು. ಎಲ್ಲವನ್ನೂ ಬದರೀನಾರಾಯಣರು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡರು. ಒಡವೆಯಿಲ್ಲದ ಆ ಮುಖ ಅವರಿಗೆ ಗುರುತಿಲ್ಲದ ಯಾರೋ ಹುಡುಗಿಯ ಮುಖದಂತೆ ಕಂಡಿತು.

"ಜೊತೆಗೆ ಒಬ್ರು ಒಳಗಡೆ ಇರ್ಬಹುದು," ಎಂದಳು ಹುಡುಗಿ.

ಬದರೀನಾರಾಯಣರು ಬೆಲ್ಟು ಬಿಚ್ಚತೊಡಗಿದರು.

"ಯಾರೂ ಬೇಡಮ್ಮ," ಎಂದರು ಸುಂದರಮ್ಮ. ಗಂಡನ ಕಡೆ ನೋಡಿ, "ಬೇಜಾರು ಮಾಡ್ಕೋಬೇಡಿ," ಎಂದರು.

ಬಾಗಿಲು ಮುಚ್ಚಿತು. ಅದರಲ್ಲಿ ಕಿಟಕಿ ಇರಲಿಲ್ಲ. ಬದರೀನಾರಾಯಣರು ಎದುರಿನ ಬೆಂಚಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಳಗೆ ಯಂತ್ರ ಶುರುವಾಯಿತು. ತಗಡಿನ ಮೇಲೆ ಯಾರೋ ಒಂದೇ ಸಮನೆ ಸುತ್ತಿಗೆ ಬಡಿಯುವ ಸದ್ದು. ಈಗ ಆಕೆ ಏನು ಮಾಡುತ್ತಿರಬಹುದು? ಉಸಿರೇ, ಬೆರಳೇ, ಯಾವುದಾದರೂ ದೇವರ ನಾಮವೇ? ನೋಡಲು ಏನೂ ಇರಲಿಲ್ಲ. ಬಾಗಿಲಿನ ಬಣ್ಣವಿತ್ತು, ಅಷ್ಟೆ.

ಸದ್ದು ನಿಂತಿತು. ಒಳಗೆಲ್ಲೋ ಗಂಟೆ ಬಾರಿಸಿತು.

ಅವರು ಎದ್ದು ಬಾಗಿಲು ತಟ್ಟಲು ಕೈಯೆತ್ತಿದಾಗಲೇ ಹುಡುಗಿ ಬಾಗಿಲು ಸರಿಸಿ ಹೊರಗೆ ಬಂದಳು.

"ಅಮ್ಮ ಬೆಲ್ ಒತ್ತಿದ್ರು ಸರ್."

"ಹೊರಗೆ ಕರ್ಕೊಂಡು ಬನ್ನಿ. ಸಾಕು. ಪಾಪ, ಸಾಕು."

"ಇಲ್ಲ ಸರ್, ತೆಗೀಲಾ ಅಂತ ಕೇಳ್ದೆ. ಬೇಡ, ಸ್ವಲ್ಪ ಹೊತ್ತು ನಿಲ್ಸಿ, ಭಯ ಬಂದಿದೆ, ಆಮೇಲೆ ಶುರು ಮಾಡಿ ಅಂದ್ರು. ನಿಮಗೆ ಹೇಳ್ಬಿಡು ಅಂದ್ರು, ಇಲ್ಲಾಂದ್ರೆ ಬಾಗ್ಲು ತಟ್ತಾರೆ ಅಂತ."

ಹುಡುಗಿ ಒಳಗೆ ಹೋದಳು. ಬದರೀನಾರಾಯಣರು ಎತ್ತಿದ್ದ ಕೈಯನ್ನು ಇಳಿಸಿ, ಮತ್ತೆ ಬೆಂಚಿಗೆ ಬಂದರು. ಸದ್ದಿಲ್ಲದ ಆ ಹೊತ್ತು ಬಹಳ ಉದ್ದವಿತ್ತು. ಭಯ ಹೋದ ಮೇಲೆ ಎಂದು ಆಕೆ ಹೇಳಿರಲಿಲ್ಲ ಎಂಬುದು ಅವರಿಗೆ ತಡವಾಗಿ ತಿಳಿಯಿತು. ಬಂದಿದೆ ಎಂದಷ್ಟೇ ಹೇಳಿದ್ದರು, ಮನೆಗೆ ಯಾರೋ ಬಂದಿದ್ದಾರೆ ಎನ್ನುವ ಹಾಗೆ. ಇಷ್ಟನ್ನು ಕಲಿಸಲು ಎಷ್ಟು ದಿನದ ತರಬೇತಿ ಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಒಂದನೇ ಮಹಡಿವರೆಗೆ ಹೋಗಿ ಬಂದವನೊಬ್ಬ ಕಲಿಸಿದ್ದ.

ಯಂತ್ರ ಮತ್ತೆ ಶುರುವಾಯಿತು.

ಸುಂದರಮ್ಮ ಹೊರಗೆ ಬಂದಾಗ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಒಂದೆರಡು ಚಿತ್ರ ಮಸುಕಾಗಿವೆ, ಆದರೆ ಡಾಕ್ಟರಿಗೆ ಬೇಕಾದಷ್ಟು ಬಂದಿದೆ ಎಂದಳು ಹುಡುಗಿ. ಆಪರೇಷನ್ನಿನ ಮಾತು ನಾಳೆಯಿಂದ ಶುರುವಾಗುತ್ತದೆ. ಅದರ ಓಡಾಟ, ಅದರ ಭಯ ಬೇರೆ. ಬದರೀನಾರಾಯಣರು ಆಕೆಯನ್ನು ಬೆಂಚಿನ ಮೇಲೆ ಕೂರಿಸಿದರು. ಒಳಗೆ ಏನು ಮಾಡಿದೆ, ಯಾವುದು ಕೈಹಿಡಿಯಿತು, ನಡುವೆ ಹೇಗಿತ್ತು ಎಂದು ಬಾಯಿಗೆ ಬಂದ ಪ್ರಶ್ನೆಗಳನ್ನು ನುಂಗಿಕೊಂಡು, ಕರ್ಚೀಫಿನ ಗಂಟು ಬಿಚ್ಚಿದರು.

ಮಾಂಗಲ್ಯವನ್ನು ಆಕೆ ತಾವೇ ಹಾಕಿಕೊಂಡರು. ಬಳೆ ಏರಿಸಿಕೊಂಡರು. ಮೂಗುಬೊಟ್ಟಿಗೆ ಬರುವಷ್ಟರಲ್ಲಿ ಕೈ ಸೋತಿತ್ತು.

"ನೀವೇ ಹಾಕಿ. ನನಗೆ ಆಗ್ತಿಲ್ಲ."

ಆಕೆ ಮುಖವೆತ್ತಿ, ಗೋಡೆಗೆ ತಲೆಯೊರಗಿಸಿ, ಕಣ್ಣು ಮುಚ್ಚಿಕೊಂಡರು. ಬದರೀನಾರಾಯಣರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬೊಟ್ಟು ರಂಧ್ರಕ್ಕೆ ಹೋಯಿತು, ತಿರುಪು ಬೆರಳಿನಿಂದ ಜಾರಿತು, ಮತ್ತೆ ಹಿಡಿದರು. ಅಕ್ಕಪಕ್ಕ ಜನ ಓಡಾಡುತ್ತಿದ್ದರು. ಯಾರದೋ ಹೆಸರು ಕೂಗಿದರು. ಆಕೆಯ ಉಸಿರು ಅವರ ಬೆರಳುಗಳಿಗೆ ತಾಗುತ್ತಿತ್ತು, ಮೊದಲು ಬಿರುಸಾಗಿ, ಬರಬರುತ್ತ ನಿಧಾನವಾಗಿ. ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿತು.

"ಆಯ್ತಾ?" ಎಂದರು ಸುಂದರಮ್ಮ, ಕಣ್ಣು ಮುಚ್ಚಿಕೊಂಡೇ.

ತಿರುಪು ಆಗಲೇ ಕೂತಿತ್ತು.

"ಇನ್ನೂ ಇಲ್ಲ," ಎಂದರು ಬದರೀನಾರಾಯಣರು. "ಹಾಗೇ ಇರು."